‘ನರದ ಪ್ರಾಬ್ಲಮ್’ ಅಂದ್ರೆ ಯಾವ ನರ? ರಿಪೋರ್ಟ್‌ನಲ್ಲಿರೋ ಪದ ಬಿಡಿಸೋದು ಹೀಗೆ

ಹೋದ ವರ್ಷ ನಮ್ಮ ಚಿಕ್ಕಮ್ಮಂಗೆ ದಿನಾ ರಾತ್ರಿ ಮೂರು ಗಂಟೆ ಹೊತ್ತಿಗೆ ಎಚ್ಚರ ಆಗ್ತಿತ್ತು, ಬಲಗೈ ಜೋಮು, ಎದ್ದು ಕೂತು ಥರ್ಮಾಮೀಟರ್ ಕೊಡವೋ ಹಾಗೆ ಕೈ ಕೊಡವಿದ್ರೆ ಐದು ನಿಮಿಷದಲ್ಲಿ ಸರಿ ಹೋಗೋದು. ಚಪಾತಿ ಲಟ್ಟಿಸುವಾಗಲೂ ಅದೇ ಕಥೆ. ಡಾಕ್ಟ್ರು ಟೆಸ್ಟ್ ಬರೆದುಕೊಟ್ರು, ರಿಪೋರ್ಟ್ ಬಂತು, ಕೊನೇ ಸಾಲು ಹೀಗಿತ್ತು: ‘ಬೈಲ್ಯಾಟರಲ್ ಮೀಡಿಯನ್ ನ್ಯೂರೋಪತಿ ಅಟ್ ರಿಸ್ಟ್, ರೈಟ್ ಮೋರ್ ದ್ಯಾನ್ ಲೆಫ್ಟ್, ಡಿಮೈಲಿನೇಟಿಂಗ್’. ಫೋಟೋ ಫ್ಯಾಮಿಲಿ ಗ್ರೂಪಿಗೆ ಬಿತ್ತು. ಚಿಕ್ಕಪ್ಪ ತಕ್ಷಣ ಫೋನ್ ಮಾಡಿ ‘ನರ ಬ್ಲಾಕ್ ಆಗಿದ್ಯಂತಲ್ಲೋ, ಸ್ಟೆಂಟ್ ಹಾಕ್ತಾರಾ ಕೇಳು’ ಅಂದ್ರು.

ಚಿಕ್ಕಪ್ಪನ್ನ ನೋಡಿ ನಗೋ ಹಾಗಿಲ್ಲ, ತಪ್ಪು ನಮ್ಮ ಪದದಲ್ಲೇ ಇದೆ. ಹಾಗಾಗಿ ಮೊದಲ ಕೆಲಸ ಅದನ್ನ ಸರಿ ಮಾಡ್ಕೊಳೋದು.

ಒಂದು: ಯಾವ ‘ನರ’ ಅಂತ ಬೇರೆ ಮಾಡಿ

ನಾವು ಎಲ್ಲದಕ್ಕೂ ನರ ಅಂತೀವಿ. ಇಂಜೆಕ್ಷನ್ ಹಾಕೋಕೆ ನರ್ಸ್ ಹುಡುಕೋದು ನರ, ಮೀನಖಂಡದಲ್ಲಿ ಹಸಿರಾಗಿ ಉಬ್ಬಿರೋದು ನರ, ಬೆಳಗ್ಗೆ ಎದ್ದಾಗ ಕತ್ತಲ್ಲಿ ಹಿಡ್ಕೊಂಡಿರೋದೂ ನರ. ಮೊದಲ ಎರಡು ರಕ್ತನಾಳ, ಮೂರನೇದು ಹೆಚ್ಚಿನ ಸಲ ಸ್ನಾಯು. ಮೆದುಳಿನ ಕರೆಂಟ್ ಸಾಗಿಸೋ ನಿಜವಾದ ನರ ಹೊರಗೆ ಕಾಣೋದೇ ಅಪರೂಪ. ಸ್ಟೆಂಟು ರಕ್ತನಾಳದಂಥ ಕೊಳವೆಗೆ, ನರಕ್ಕಲ್ಲ.

ಈ ಗೊಂದಲ ನಮ್ಮೊಬ್ಬರದೇ ಅಲ್ಲ ಅನ್ನೋದೇ ಮಜಾ. ಗ್ರೀಕಿನ ‘ನ್ಯೂರಾನ್’ ಪದಕ್ಕೂ ಮೊದಲು ಇದ್ದ ಅರ್ಥ ಸ್ನಾಯುರಜ್ಜು (ಸ್ನಾಯುವನ್ನ ಮೂಳೆಗೆ ಕಟ್ಟೋ ಹಗ್ಗ), ಬಿಲ್ಲಿನ ಹೆದೆ ಅಂತ. ನಾವು ಸ್ನಾಯು ಅಂದ್ರೆ ಮಸಲ್ ಅಂದ್ಕೊಂಡ್ರೆ ಬಂಗಾಳಿಯವರಿಗೆ ಅದೇ ಸ್ನಾಯು ಅಂದ್ರೆ ನರ್ವ್! ಹಾಗಾಗಿ ರಿಪೋರ್ಟಲ್ಲಿ ‘ವೀನಸ್’, ‘ವ್ಯಾಸ್ಕುಲರ್’, ‘ಆರ್ಟೀರಿಯಲ್’ ಅಂತಿದ್ರೆ ರಕ್ತದ ದಾರಿ, ‘ನ್ಯೂರೋ’, ‘ನ್ಯೂರಲ್’ ಇದ್ರೆ ನರ, ‘ಮಯೋ’ ಇದ್ರೆ ಸ್ನಾಯು. ಇಷ್ಟು ಗೊತ್ತಿದ್ರೆ ಅರ್ಧ ಗಾಬರಿ ಇಳಿಯುತ್ತೆ.

ಎರಡು: ಪದವನ್ನ ಬಾಲದಿಂದ ಓದಿ

ಸ್ಕೂಲಲ್ಲಿ ಸಂಧಿ, ಸಮಾಸ ಬಿಡಿಸಿದ್ದು ನೆನಪಿದ್ಯಲ್ಲ, ಅದೇ ಆಟ, ಆದ್ರೆ ಹಿಂದಿನಿಂದ. ಬಾಲ ಏನಾಗಿದೆ ಅಂತ ಹೇಳುತ್ತೆ. ‘ಐಟಿಸ್’ ಬಂದ್ರೆ ಉರಿಯೂತ, ‘ಆಲ್ಜಿಯ’ ಬಂದ್ರೆ ನೋವು, ‘ಓಮ’ ಬಂದ್ರೆ ಸಾಮಾನ್ಯವಾಗಿ ಗಡ್ಡೆ (ಆದ್ರೆ ಹೆಮಟೋಮ ಗಡ್ಡೆ ಅಲ್ಲ, ರಕ್ತ ಹೊರಗೆ ಬಂದು ಒಂದು ಕಡೆ ನಿಂತಿರೋದು, ಹೆದರಬೇಡಿ ಅಂತಲ್ಲ, ಕ್ಯಾನ್ಸರ್ ಅಂತ ಅಂದ್ಕೋಬೇಡಿ ಅಷ್ಟೇ). ‘ಪತಿ’ ಅಂದ್ರೆ ಗಂಡ ಅಲ್ಲ, ಏನೋ ಕೆಟ್ಟಿದೆ ಅಂತ ಮಾತ್ರ, ಯಾಕೆ ಕೆಟ್ಟಿದೆ ಅಂತ ಆ ಪದ ಹೇಳೋದೇ ಇಲ್ಲ. ನ್ಯೂರೋಪತಿ ಅನ್ನೋದು ಒಂದು ಕಾಯಿಲೆಯ ಹೆಸರು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ, ಅದು ‘ನರ ಸರಿಯಿಲ್ಲ’ ಅನ್ನೋ ವಾಕ್ಯ, ಅಷ್ಟೇ. ಕಾರಣ ಶುಗರ್ ಇರಬಹುದು, ಬಿ12 ಕಮ್ಮಿ ಇರಬಹುದು, ಕುಡಿತ ಇರಬಹುದು, ಅದನ್ನ ಬೇರೆ ಹುಡುಕಬೇಕು.

ಇನ್ನೊಂದು ಜೋಡಿ ನೆನಪಲ್ಲಿಡಿ: ‘ಪ್ಲೀಜಿಯ’ ಅಂದ್ರೆ ಶಕ್ತಿ ಪೂರ್ತಿ ಹೋಗಿದೆ, ‘ಪರೆಸಿಸ್’ ಅಂದ್ರೆ ಕಮ್ಮಿ ಆಗಿದೆ. ಹೆಮಿಪ್ಲೀಜಿಯ ಇದ್ದದ್ದು ಮುಂದಿನ ಚೀಟಿಯಲ್ಲಿ ಹೆಮಿಪರೆಸಿಸ್ ಆಗಿದ್ರೆ ಅದು ಒಳ್ಳೇ ಸುದ್ದಿ, ಯಾರೂ ಬಾಯಿಬಿಟ್ಟು ಹೇಳದೇ ಇದ್ರೂ.

ಮೂರು: ಆಮೇಲೆ ತಲೆ

ತಲೆ ಭಾಗ ಎಷ್ಟು, ಎಲ್ಲಿಂದೆಲ್ಲಿಗೆ ಅಂತ ಹೇಳುತ್ತೆ. ಮಾನೋ ಒಂದು, ಪಾಲಿ ಹಲವು, ಹೆಮಿ ಒಂದು ಮಗ್ಗುಲು, ಪ್ಯಾರಾ ಎರಡೂ ಕಾಲು, ಕ್ವಾಡ್ರಿ ಕೈಕಾಲು ನಾಲ್ಕೂ, ಬೈಲ್ಯಾಟರಲ್ ಎಡ ಬಲ ಎರಡೂ ಕಡೆ. ನಾವು ಅರೆತಲೆನೋವು ಅಂತೀವಲ್ಲ, ಮೈಗ್ರೇನ್ ಅನ್ನೋ ಪದ ಹುಟ್ಟಿದ್ದೂ ಹಾಗೇ, ‘ಹೆಮಿಕ್ರೇನಿಯ’, ಅರೆ ತಲೆಬುರುಡೆ, ಅದು ಫ್ರೆಂಚರ ಬಾಯಲ್ಲಿ ಸವೆದು ಸವೆದು ಮೈಗ್ರೇನ್ ಆಯ್ತು.

ಗ್ರೀಕಿನ ‘ಅ’, ‘ಅನ್’ ನಮ್ಮ ಅಶಾಂತಿ, ಅನಾರೋಗ್ಯದಲ್ಲಿರೋ ಅದೇ ‘ಅ’, ‘ಅನ್’, ಅಂದ್ರೆ ಇಲ್ಲ ಅಂತ. ‘ಡಿಸ್’ ಅನ್ನೋದು ದುರ್ಬಲ, ದುಸ್ಥಿತಿಯ ‘ದುಸ್’ ಇದ್ದ ಹಾಗೆ, ಸಂಸ್ಕೃತಕ್ಕೂ ಗ್ರೀಕಿಗೂ ಇದು ಹಳೇ ನೆಂಟಸ್ತಿಕೆ. ಅಫೇಸಿಯ ಅಂದ್ರೆ ಮೆದುಳಲ್ಲಿ ಮಾತಿನ ಜಾಗಕ್ಕೆ ಪೆಟ್ಟಾಗಿ ಪದವೇ ಸಿಕ್ತಿಲ್ಲ ಅಥವಾ ಹೇಳಿದ್ದು ಅರ್ಥ ಆಗ್ತಿಲ್ಲ. ಡಿಸಾರ್ಥ್ರಿಯ ಅಂದ್ರೆ ಪದ ಗೊತ್ತು, ನಾಲಿಗೆ ತೊದಲ್ತಿದೆ. ಡಿಸ್ಫೇಸಿಯ ಮಾತಿನ ತೊಂದರೆ, ಡಿಸ್ಫೇಜಿಯ ನುಂಗೋ ತೊಂದರೆ, ಒಂದೇ ಅಕ್ಷರ ವ್ಯತ್ಯಾಸ, ಆದ್ರೆ ಎರಡನೇದಿದ್ರೆ ಡಾಕ್ಟ್ರನ್ನ ಕೇಳದೆ ಗಂಜಿ ನೀರೂ ಬಾಯಿಗೆ ಹಾಕೋ ಹಾಗಿಲ್ಲ, ಶ್ವಾಸನಾಳಕ್ಕೆ ಹೋಗಬಹುದು. ಆಸ್ಪತ್ರೆ ಚೀಟಿಯಲ್ಲಿ ಈ ಪದ ಕಂಡ್ರೆ ಅಡುಗೆ ಮನೆಯವರಿಗೆ ಮೊದಲು ಹೇಳಿ.

ನಾಲ್ಕು: ನಡುವಿನ ಭಾಗ, ಫಾಲ್ಟ್ ಎಲ್ಲಿದೆ

ಮನೆಯಲ್ಲಿ ಬಲ್ಬ್ ಹತ್ತದಿದ್ರೆ ಲೈನ್‌ಮನ್ ಏನು ಮಾಡ್ತಾನೆ? ಸ್ಟೇಷನ್ನಾ, ಮೇನ್ ಲೈನಾ, ಕಂಬದಿಂದ ಇಳಿಯೋ ವೈರಾ, ಮನೆ ವೈರಿಂಗಾ, ಬಲ್ಬಾ ಅಂತ ನೋಡ್ತಾನೆ. ಇಲ್ಲೂ ಅಷ್ಟೇ. ‘ಎನ್ಸೆಫಲೋ’ ಮೆದುಳು, ‘ಮೈಲೋ’ ಬೆನ್ನುಹುರಿ, ‘ರ್ಯಾಡಿಕ್ಯುಲೋ’ ಹುರಿಯಿಂದ ನರ ಹೊರಡೋ ಬೇರು, ‘ನ್ಯೂರೋ’ ಕೈಕಾಲಿಗೆ ಹೋಗೋ ನರ, ‘ಮಯೋ’ ಸ್ನಾಯು. ಎಲ್ಲದಕ್ಕೂ ‘ಪತಿ’ ಅಂಟಿಸಿ ನೋಡಿ: ಎನ್ಸೆಫಲೋಪತಿ, ಮೈಲೋಪತಿ, ರ್ಯಾಡಿಕ್ಯುಲೋಪತಿ, ನ್ಯೂರೋಪತಿ, ಮಯೋಪತಿ. ಐದು ಪದ, ಐದು ಜಾಗ. ಮೈಲೋಪತಿ ಮತ್ತೆ ಮಯೋಪತಿ ಕಲೆಸ್ಕೋಬೇಡಿ, ಮೊದಲನೇದು ಮೇನ್ ಲೈನು, ಎರಡನೇದು ಬಲ್ಬು. ಇನ್ನೊಂದು ಕಿರಿಕಿರಿ ಏನಂದ್ರೆ ರಕ್ತದ ರಿಪೋರ್ಟಲ್ಲಿ ‘ಮೈಲೋ’ ಬಂದ್ರೆ ಅದು ಮೂಳೆ ಮಜ್ಜೆ, ಗ್ರೀಕರಿಗೆ ಮೂಳೆಯೊಳಗಿನ ತಿರುಳೂ ಬೆನ್ನುಹುರಿಯೂ ಒಂದೇ ಪದ!

ಕೆಲವು ಹೆಸರು ಬಿಡಿಸೋಕೇ ಬರಲ್ಲ, ಅವು ವೈದ್ಯರ ಹೆಸರು. ಬೆಲ್ಸ್ ಪಾಲ್ಸಿ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಹೆಸರಿಂದು, ಮುಖದ ಏಳನೇ ನರ ಕೈಕೊಡೋದು. ಕೈ ನಡುಗೋ, ನಡಿಗೆ ನಿಧಾನ ಆಗೋ ಪಾರ್ಕಿನ್ಸನ್ ಕಾಯಿಲೆ 1817ರಲ್ಲಿ ಅದನ್ನ ವಿವರಿಸಿದ ಜೇಮ್ಸ್ ಪಾರ್ಕಿನ್ಸನ್ ಹೆಸರಿಂದು. 2025ರ ಜನವರಿಯಲ್ಲಿ ಪುಣೆಯಿಂದ ದಿನಾ ಸುದ್ದಿ ಬರ್ತಿದ್ದ ಜಿಬಿಎಸ್ (ಮೈಯ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿ ಬೀಳೋ ಕಾಯಿಲೆ) ಅಂದ್ರೆ ಗಿಯಾನ್-ಬಾರೆ ಸಿಂಡ್ರೋಮ್, ಗಿಯಾನ್ ಮತ್ತೆ ಬಾರೆ 1916ರಲ್ಲಿ ಅದನ್ನ ವಿವರಿಸಿದ ಫ್ರೆಂಚ್ ಡಾಕ್ಟ್ರುಗಳು, ಜೊತೆಗೆ ಸ್ಟ್ರೋಲ್ ಅಂತ ಮೂರನೆಯವರೂ ಇದ್ರು, ಪಾಪ ಅವರ ಹೆಸರು ಬಿಟ್ಟೇ ಹೋಯ್ತು.

ಐದು: ಅಕ್ಷರ ಮತ್ತೆ ನಂಬರ್

ಸಿ ಅಂದ್ರೆ ಕತ್ತು, ಟಿ ಅಥವಾ ಡಿ ಅಂದ್ರೆ ಎದೆ ಹಿಂಭಾಗ, ಎಲ್ ಅಂದ್ರೆ ಸೊಂಟ, ಎಸ್ ಅಂದ್ರೆ ಅದರ ಕೆಳಗೆ. ಎಲ್4-ಎಲ್5 ಅಂದ್ರೆ ಸೊಂಟದ ನಾಲ್ಕನೇ ಐದನೇ ಮೂಳೆ ನಡುವಿನ ಡಿಸ್ಕು. ಬೆನ್ನುಹುರಿಯಿಂದ ಒಟ್ಟು 31 ಜೊತೆ ನರ ಹೊರಡುತ್ತೆ, ಕತ್ತಲ್ಲಿ ಮೂಳೆ 7 ಆದ್ರೂ ನರ 8 ಜೊತೆ, ಹಾಗಾಗಿ ‘ಸಿ8’ ಅಂತಿದ್ರೆ ಪ್ರಿಂಟ್ ಮಿಸ್ಟೇಕ್ ಅಲ್ಲ.

ದೊಡ್ಡವರಲ್ಲಿ ಹುರಿ ಎಲ್1-ಎಲ್2 ಹತ್ರಾನೇ ಮುಗಿಯುತ್ತೆ. ಅಲ್ಲಿಂದ ಕೆಳಗೆ ಬರೀ ನರಗಳ ಗೊಂಚಲು, ನೋಡೋಕೆ ಕುದುರೆ ಬಾಲದ ಹಾಗಿರೋದಕ್ಕೆ ಲ್ಯಾಟಿನ್‌ನಲ್ಲಿ ‘ಕೌಡ ಇಕ್ವೈನ’, ಅಂದ್ರೆ ಕುದುರೆ ಬಾಲ ಅಂತಲೇ ಹೆಸರು. ಹೆಸರು ಚಂದ, ಆದ್ರೆ ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದ್ರೆ ಅಥವಾ ಹಿಡಿತ ತಪ್ಪಿದ್ರೆ, ಸೈಕಲ್ ಸೀಟಿಗೆ ತಾಗೋ ಜಾಗ ಮರಗಟ್ಟಿದ್ರೆ ಆ ಬಾಲ ಅಮುಕಿ ಹೋಗಿರಬಹುದು, ಪದ ಬಿಡಿಸ್ತಾ ಕೂರಬೇಡಿ, ಆಗಿಂದಾಗಲೇ ಎಮರ್ಜೆನ್ಸಿಗೆ ಹೋಗಿ. ಹಾಗೇ ಇದ್ದಕ್ಕಿದ್ದಂಗೆ ಬಾಯಿ ಸೊಟ್ಟ, ಒಂದು ಕೈ ಏಳ್ತಿಲ್ಲ, ಮಾತು ತೊದಲು ಅಂದ್ರೆ ಸ್ಟ್ರೋಕ್ ಅಂತಲೇ ಹೊರಡಿ, ಹೆಪ್ಪು ಕರಗಿಸೋ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಟೈಮು, ಅದರಲ್ಲಿ ಸ್ಕ್ಯಾನೂ ಆಗಬೇಕು.

ಆರು: ಶಾಕ್ ಟೆಸ್ಟಿನ ಅಂಕಿ

ಚಿಕ್ಕಮ್ಮಂಗೆ ಮಾಡಿದ್ದು ನರ್ವ್ ಕಂಡಕ್ಷನ್ ಸ್ಟಡಿ, ಎನ್‌ಸಿಎಸ್. ಚರ್ಮದ ಮೇಲೆ ಒಂದು ಕಡೆ ಚುಟುಕು ಕರೆಂಟ್ ಕೊಟ್ಟು ಇನ್ನೊಂದು ಕಡೆ ಅದು ಯಾವಾಗ ಬಂತು, ಎಷ್ಟು ಬಂತು ಅಂತ ಅಳೀತಾರೆ (‘ಹಳೇ ಗ್ರೈಂಡರ್ ಮುಟ್ಟಿದ ಹಾಗಿತ್ತು ಕಣೋ’ ಅಂದ್ರು ಚಿಕ್ಕಮ್ಮ). ಸೂಜಿ ಚುಚ್ಚಿದ್ರೆ ಅದು ಇಎಂಜಿ, ಸ್ನಾಯುವಿನ ಟೆಸ್ಟು.

ಪೇಜ್ ತುಂಬಾ ಅಂಕಿ ಇದ್ರೂ ನೋಡಬೇಕಾದ್ದು ಮೂರೇ ಕಾಲಮ್. ‘ಲೇಟೆನ್ಸಿ’, ಬರೋಕೆ ಎಷ್ಟು ಮಿಲಿಸೆಕೆಂಡ್ ಆಯ್ತು. ‘ವೆಲಾಸಿಟಿ’, ಓಡೋ ಸ್ಪೀಡು, ದೊಡ್ಡವರ ಕೈಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 50 ಮೀಟರ್ ಮೇಲೆ, ಕಾಲಲ್ಲಿ 40ರ ಮೇಲೆ ಇರಬೇಕು. ಸೆಕೆಂಡಿಗೆ 50 ಮೀಟರ್ ಅಂದ್ರೆ ಗಂಟೆಗೆ 180 ಕಿಲೋಮೀಟರ್! ‘ಆಂಪ್ಲಿಟ್ಯೂಡ್’, ಬಂದ ಸಿಗ್ನಲ್ ಎಷ್ಟು ಎತ್ತರ. ವೈರಿನ ಮೇಲೆ ಪ್ಲಾಸ್ಟಿಕ್ ಇರೋ ಹಾಗೆ ನರದ ಮೇಲೆ ಮೈಲಿನ್ ಅಂತ ಕವಚ ಇರುತ್ತೆ, ಅದು ಸವೆದ್ರೆ ಸ್ಪೀಡ್ ಇಳಿಯುತ್ತೆ, ಲೇಟೆನ್ಸಿ ಏರುತ್ತೆ, ಇದೇ ‘ಡಿಮೈಲಿನೇಟಿಂಗ್’. ಒಳಗಿನ ತಾಮ್ರಾನೇ ಹೋದ್ರೆ ಎತ್ತರ ಇಳಿಯುತ್ತೆ, ಅದು ‘ಆಕ್ಸೋನಲ್’. ಕೈಕಾಲು ತಣ್ಣಗಿದ್ರೂ ಸ್ಪೀಡ್ ಇಳಿಯುತ್ತೆ, ಅದಕ್ಕೇ ಒಳ್ಳೇ ಲ್ಯಾಬಲ್ಲಿ ಮೊದಲು ಕೈ ಬೆಚ್ಚಗೆ ಮಾಡ್ತಾರೆ.

ಈಗ ಚಿಕ್ಕಮ್ಮನ ಸಾಲು ಬಿಡಿಸಿ: ಬೈಲ್ಯಾಟರಲ್, ಎರಡೂ ಕೈ. ಮೀಡಿಯನ್, ಮುಂಗೈ ನಡುವಲ್ಲಿ ಇಳಿಯೋ ನರ. ಅಟ್ ರಿಸ್ಟ್, ಮಣಿಕಟ್ಟಲ್ಲಿ. ಡಿಮೈಲಿನೇಟಿಂಗ್, ಕವಚ ಸವೆದಿದೆ, ಅಂತಿಮ ಸಾಲಲ್ಲಿ ಆಕ್ಸೋನಲ್ ಅನ್ನೋ ಪದ ಇಲ್ಲ. ಅಂದ್ರೆ ಕಾರ್ಪಲ್ ಟನಲ್. ಮಣಿಕಟ್ಟಿನ ಆ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜು, ಅದರ ಜೊತೆ ಈ ಒಂದು ನರ, ಬೆಳಗಿನ ಹೊತ್ತಿನ ಸಿಟಿ ಬಸ್ ಥರ, ಸ್ವಲ್ಪ ಊದಿದ್ರೆ ಅಮುಕೋದು ನರಾನೇ. ಥೈರಾಯ್ಡ್ ಕಮ್ಮಿ ಇರೋರಿಗೆ, ಶುಗರ್ ಇರೋರಿಗೆ, ಬಸುರಿಯರಿಗೆ ಜಾಸ್ತಿ.

ಏಳು: ಎಂಆರ್‌ಐ ರಿಪೋರ್ಟ್ ಕಂಡು ಅಳಬೇಡಿ

‘ಡಿಸ್ಕ್ ಬಲ್ಜ್’ ಅಂದ್ರೆ ಟೈರ್ ಸುತ್ತಲೂ ಸ್ವಲ್ಪ ಉಬ್ಬಿದ ಹಾಗೆ, ‘ಪ್ರೊಟ್ರೂಶನ್’ ಒಂದು ಕಡೆ ಉಬ್ಬು, ‘ಎಕ್ಸ್‌ಟ್ರೂಶನ್’ ಒಳಗಿನ ತಿರುಳು ಆಚೆ ಬಂದಿದೆ, ‘ಸೀಕ್ವೆಸ್ಟ್ರೇಶನ್’ ತುಂಡಾಗಿ ಬಿದ್ದಿದೆ. ಇವೆಲ್ಲ ಫೋಟೋದ ವರ್ಣನೆ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್ ಒಟ್ಟು ಹಾಕಿ ನೋಡಿದ 2015ರ ಅಧ್ಯಯನದಲ್ಲಿ 20ರ ವಯಸ್ಸಿನವರಲ್ಲೇ ಶೇ 30, 80ರವರಲ್ಲಿ ಶೇ 84 ಮಂದಿಗೆ ಬಲ್ಜ್ ಇತ್ತು. ಅದಕ್ಕೇ ಕೆಳಗಡೆ ‘ಕ್ಲಿನಿಕಲ್ ಕೋರಿಲೇಶನ್’ ಅಂತ ಬರೆದಿರ್ತಾರೆ, ನಿಮ್ಮ ನೋವಿಗೂ ಈ ಚಿತ್ರಕ್ಕೂ ತಾಳೆ ಆಗುತ್ತಾ ನೋಡಿ ಅಂತ. ಆ ತಾಳೆ ನೋಡೋಕೆ ಡಾಕ್ಟ್ರೇ ಬೇಕು, ಗೂಗಲ್ ನಿಮ್ಮ ಕಾಲು ಎತ್ತಿ ನೋಡಲ್ಲ.

ಎಂಟು: ನಿಮ್ಮ ಕಡೆಯಿಂದ ಸರಿಯಾದ ಪದ

‘ನರ ಎಳೀತಿದೆ ಸಾರ್’ ಅಂದ್ರೆ ಅವರಿಗೇನೂ ಸಿಗಲ್ಲ. ಕನ್ನಡದಲ್ಲೇ ಒಳ್ಳೊಳ್ಳೇ ಪದ ಇದೆ, ಬಳಸಿ: ಜೋಮು (ಅವರ ಪ್ಯಾರಸ್ತೀಸಿಯ), ಮುಟ್ಟಿದ್ರೆ ಗೊತ್ತಾಗಲ್ಲ ಅನ್ನೋ ಮರಗಟ್ಟು, ಮೆಣಸಿನಕಾಯಿ ಉರಿ, ಕರೆಂಟ್ ಹೊಡೆದಂಗೆ ಚಳುಕು, ಚಪ್ಪಲಿ ಕಾಲಿಂದ ಜಾರಿದ್ದೇ ತಿಳಿಯಲ್ಲ, ಲೋಟ ಕೈಯಿಂದ ಬೀಳುತ್ತೆ. ಜೋಮು ಬೇರೆ, ಶಕ್ತಿ ಇಲ್ಲದಿರೋದು ಬೇರೆ, ಎರಡನ್ನೂ ಬೇರೆ ಬೇರೆ ಹೇಳಿ. ಎರಡೂ ಪಾದದಿಂದ ಶುರುವಾಗಿ ಸಾಕ್ಸ್ ಹಾಕ್ಕೊಂಡ ಹಾಗೆ ಮೇಲೆ ಬರ್ತಿದ್ಯಾ, ಒಂದೇ ಕಾಲಲ್ಲಿ ಸೊಂಟದಿಂದ ಗೆರೆ ಎಳೆದ ಹಾಗೆ ಇಳೀತಿದ್ಯಾ ಅನ್ನೋದೂ ಮುಖ್ಯ, ಮೊದಲನೇದು ಪಾಲಿನ್ಯೂರೋಪತಿ ಕಡೆ ಬೆರಳು ತೋರಿಸುತ್ತೆ, ಎರಡನೇದು ಬೇರಿನ ಕಡೆ.

ನಾನು ಚಿಕ್ಕಮ್ಮಂಗೆ ಒಂದು ಕೆಲಸ ಹೇಳಿದ್ದೆ, ರಾತ್ರಿ ಎಚ್ಚರ ಆದಾಗಲೇ ಜೋಮಿರೋ ಜಾಗಕ್ಕೆ ಬಾಲ್ ಪೆನ್ನಲ್ಲಿ ಗೆರೆ ಹಾಕಿ ಅಂತ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಲ್ಲಿ ಅರ್ಧಕ್ಕೆ ಗೆರೆ ನಿಂತಿತ್ತು, ಕಿರುಬೆರಳಿಗೆ ಬಂದೇ ಇರಲಿಲ್ಲ. ಡಾಕ್ಟ್ರು ಫೈಲ್ ತೆಗೆಯೋಕೆ ಮುಂಚೆ ಆ ಕೈ ನೋಡಿದ್ರು, ‘ಇದನ್ನ ಯಾರು ಬರೆದಿದ್ದು?’ ಅಂದ್ರು, ಮಣಿಕಟ್ಟು ನೇರ ಇಡೋ ಪಟ್ಟಿ ಒಂದು ಬರೆದುಕೊಟ್ರು, ಮಲಗುವಾಗ ಕಟ್ಕೊಳ್ಳೋಕೆ. ಹೊರಗೆ ಬಂದ ಮೇಲೆ ಚಿಕ್ಕಪ್ಪ ಕೇಳಿದ್ದು ಒಂದೇ, ‘ಹಂಗಾದ್ರೆ ಸ್ಟೆಂಟ್ ಬೇಡ್ವಂತಾ?’