ಮಾಜಿ ಸೈನಿಕರ ಮನೆಗೆ ಪೆನ್ಯುರಿ ಗ್ರಾಂಟ್: ಅರ್ಜಿಗೆ ಮೊದಲು ಹೆಸರು ಹೊಂದಿಸಿಕೊಳ್ಳಿ

‘ಮಿಲಿಟರಿಯವರ ಮನೆ, ಪಿಂಚಣಿ ಬರುತ್ತದೆ, ಕ್ಯಾಂಟೀನ್ ಇದೆ, ಅವರಿಗೇನು ಕಡಿಮೆ?’ ಎಂದು ಊರು ಆಡಿಕೊಳ್ಳುತ್ತದೆ. ಆ ಮಾತಿಗೆ ಅಂಜಿಯೇ ಎಷ್ಟೋ ಮನೆಗಳು ಒಲೆ ಹಚ್ಚದ ದಿನವನ್ನು ಯಾರಿಗೂ ಹೇಳುವುದಿಲ್ಲ. ಹದಿನೈದು ವರ್ಷ ಸೇವೆ ಮುಗಿಸದೆ ಸೈನ್ಯದಿಂದ ಹೊರಬಂದ ಜವಾನನಿಗೆ ಸಾಮಾನ್ಯವಾಗಿ ಸೇವಾ ಪಿಂಚಣಿ ಇಲ್ಲ. ಅವನು ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿಯೂ ಇಲ್ಲ. ಇನ್ನು ಕ್ಯಾಂಟೀನ್. ಅಲ್ಲಿ ಸಾಮಾನು ಅಗ್ಗವೇ ಹೊರತು ಪುಕ್ಕಟೆ ಅಲ್ಲ. ಕೈಯಲ್ಲಿ ಕಾಸಿಲ್ಲದವರಿಗೆ ರಿಯಾಯಿತಿಯಿಂದ ಏನೂ ಆಗದು.

ಇಂಥವರಿಗಾಗಿಯೇ ಕೇಂದ್ರೀಯ ಸೈನಿಕ ಮಂಡಳಿಯ ‘ಪೆನ್ಯುರಿ ಗ್ರಾಂಟ್’, ಅಂದರೆ ಕಡುಬಡತನದ ಅನುದಾನ, ಎಂಬ ಮಾಸಿಕ ನೆರವಿದೆ. ತಿಂಗಳಿಗೆ 4,000 ರೂಪಾಯಿ ಇದ್ದ ಈ ಮೊತ್ತವನ್ನು 2025ರ ಅಕ್ಟೋಬರ್‌ನಲ್ಲಿ 8,000ಕ್ಕೆ ಏರಿಸಲಾಯಿತು. 2025ರ ನವೆಂಬರ್ 1ರಿಂದ ಸಲ್ಲಿಕೆಯಾದ ಅರ್ಜಿಗಳಿಗೆ ಹೊಸ ದರ. ಪ್ರತಿವರ್ಷ ಡಿಸೆಂಬರ್ 7ರಂದು, ಸಶಸ್ತ್ರ ಪಡೆಗಳ ಧ್ವಜ ದಿನದಂದು, ಶಾಲೆ-ಕಚೇರಿಗಳಲ್ಲಿ ಪುಟ್ಟ ಬಾವುಟ ಕೊಟ್ಟು ಸಂಗ್ರಹಿಸುತ್ತಾರಲ್ಲ, ಆ ನಿಧಿಯಿಂದಲೇ ಈ ಹಣ ಬರುತ್ತದೆ. ಒಬ್ಬ ವೃದ್ಧೆಯ ತಿಂಗಳ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಜೊತೆಗೆ ಬಿ.ಪಿ. ಮಾತ್ರೆಗೂ ಸಾಲುವಷ್ಟು ಹಣ ಇದು. ಆದರೂ ಮಾಜಿ ಸೈನಿಕರ ಅರ್ಜಿಗಳನ್ನು ತುಂಬಿಕೊಡುತ್ತ ಬಂದಿರುವ ನಾನು ಕಂಡಂತೆ, ಅರ್ಹರ ಅರ್ಜಿಗಳೇ ಮತ್ತೆ ಮತ್ತೆ ವಾಪಸು ಬರುತ್ತವೆ. ಬಹುತೇಕ ಎಲ್ಲದಕ್ಕೂ ಒಂದೇ ಕಾರಣ, ಅದನ್ನು ಮೂರನೇ ಹಂತದಲ್ಲಿ ಹೇಳುತ್ತೇನೆ. ಆತುರವಿದ್ದವರು ನೇರ ಅಲ್ಲಿಗೇ ಹೋಗಬಹುದು.

ಹಂತ 1: ನಿಮಗೆ ಅನ್ವಯಿಸುತ್ತದೆಯೇ ನೋಡಿ

ಮಾಜಿ ಸೈನಿಕ ಅಥವಾ ಅವರ ವಿಧವೆ, ವಯಸ್ಸು 65 ತುಂಬಿರಬೇಕು. ಹುದ್ದೆ ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನದಾಗಿರಬೇಕು (ನೌಕಾಪಡೆ, ವಾಯುಪಡೆಗಳಲ್ಲಿ ಇದಕ್ಕೆ ಸಮನಾದ ಹುದ್ದೆ). ಸೈನ್ಯದ ಪಿಂಚಣಿ ಇರಬಾರದು, ಬೇರೆ ನಿಯಮಿತ ಆದಾಯವೂ ಇರಬಾರದು.

ಡಿಸ್ಚಾರ್ಜ್ ಬುಕ್ಕಿನಲ್ಲಿ (ಸೈನ್ಯ ಬಿಡುವಾಗ ಕೊಡುವ ಸೇವಾ ದಾಖಲೆಯ ಪುಸ್ತಕ) ಬಿಡುಗಡೆಯ ಕಾರಣ ಬರೆದ ಸಾಲನ್ನು ಮೊದಲೇ ಓದಿಕೊಳ್ಳಿ. ಸೇವಾವಧಿ ಮುಗಿದು ಬಿಡುಗಡೆ, ವೈದ್ಯಕೀಯ ಕಾರಣದಿಂದ ಬಿಡುಗಡೆ ಎಂದಿದ್ದರೆ ತೊಂದರೆ ಕಡಿಮೆ. ‘ಸ್ವಂತ ಕೋರಿಕೆಯ ಮೇರೆಗೆ’ ಎಂದಿದ್ದರೆ ಮಾಜಿ ಸೈನಿಕ ಎಂಬ ಮಾನ್ಯತೆಯ ಪ್ರಶ್ನೆಯೇ ಏಳುತ್ತದೆ. ಸೈನ್ಯ ಬಿಟ್ಟ ವರ್ಷಕ್ಕೆ ತಕ್ಕಂತೆ ಈ ವ್ಯಾಖ್ಯೆ ಬದಲಾಗುತ್ತದೆ. ಇದನ್ನು ಅರ್ಜಿ ಹಾಕುವ ಮುಂಚೆಯೇ ಸೈನಿಕ ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿ. ಕಟ್ಟೆಯ ಮೇಲೆ ಕುಳಿತವರು ಹೇಳಿದ್ದನ್ನು ನಂಬಿ ಅರ್ಜಿ ಹಾಕುವುದೂ ಬೇಡ, ಬಿಡುವುದೂ ಬೇಡ.

ಹಂತ 2: ಕಚೇರಿ ಯಾವುದು

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ. ಜನ ಇದನ್ನು ‘ಸೈನಿಕ ಬೋರ್ಡ್’ ಎನ್ನುತ್ತಾರೆ. ಎಲ್ಲ ಜಿಲ್ಲೆಗಳಲ್ಲೂ ಇಲ್ಲ, ಕೆಲವು ಜಿಲ್ಲೆಗಳಿಗೆ ನೆರೆಯ ಜಿಲ್ಲೆಯ ಕಚೇರಿಯೇ ಗತಿ. ಫೋನ್ ಮಾಡಿ ತಿಳಿದುಕೊಂಡು ಹೊರಡಿ. ಮಾಜಿ ಸೈನಿಕರ ಅಥವಾ ವಿಧವೆಯರ ಗುರುತಿನ ಚೀಟಿ ಇನ್ನೂ ಮಾಡಿಸಿಲ್ಲವಾದರೆ ಮೊದಲು ಅದು. ಆ ಚೀಟಿ ಇಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯದು.

ಹಂತ 3: ಎಲ್ಲ ಕಾಗದದಲ್ಲೂ ಒಂದೇ ಹೆಸರು

ಎಲ್ಲರೂ ಎಡವುವುದು ಇಲ್ಲೇ. ಒಂದು ಕಡತ ಹೇಗಿತ್ತು ಎಂದು ಹೇಳಿದರೆ ಅರ್ಥವಾದೀತು. ಹೆಸರುಗಳನ್ನು ಬದಲಿಸಿದ್ದೇನೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಗಂಡನ ಹೆಸರು ಇಂಗ್ಲಿಷಿನಲ್ಲಿ ‘ಯಲಪ್ಪಾ’ ಎಂದು, ಒಂದೇ ‘ಲ’, ಮನೆತನದ ಹೆಸರೇ ಇಲ್ಲ. ಮರಣ ಪ್ರಮಾಣಪತ್ರದಲ್ಲಿ ‘ಯಲ್ಲಪ್ಪ ಸಿದ್ದಪ್ಪ ತಳವಾರ’. ಹೆಂಡತಿ ಆಧಾರ್‌ನಲ್ಲಿ ‘ಗಂಗವ್ವ’, ಬ್ಯಾಂಕಿನಲ್ಲಿ ‘ಗಂಗಾಬಾಯಿ’, ಪಡಿತರ ಚೀಟಿಯಲ್ಲಿ ‘ಗಂಗಮ್ಮ’. ಡಿಸ್ಚಾರ್ಜ್ ಬುಕ್ಕಿನಲ್ಲಿ ಆಕೆಯ ಹೆಸರೇ ಇಲ್ಲ, ಏಕೆಂದರೆ ಮದುವೆಯಾದದ್ದು ಸೈನ್ಯ ಬಿಟ್ಟ ಮೇಲೆ. ಊರಿಗೆಲ್ಲ ಆಕೆ ಮಿಲಿಟರಿ ಯಲ್ಲಪ್ಪನ ಹೆಂಡತಿ. ಕಾಗದದ ಮೇಲೆ ಮಾತ್ರ ಆಕೆ ಯಾರೂ ಅಲ್ಲ.

ಇಂಥ ಕಡತವನ್ನು ಸರಿಪಡಿಸಲು ಒಂದು ಕ್ರಮವಿದೆ. ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

ಮೊದಲನೆಯದಾಗಿ, ಗಂಡನ ಹೆಸರಿಗೆ ಡಿಸ್ಚಾರ್ಜ್ ಬುಕ್ಕೇ ಆಧಾರ. ಅದರಲ್ಲಿ ಕಾಗುಣಿತ ತಪ್ಪಿದ್ದರೂ ಇರಲಿ, ಅದನ್ನು ತಿದ್ದಿಸಲು ಹೋಗಬೇಡಿ. ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸಿ. ಮರಣ ಪ್ರಮಾಣಪತ್ರದಲ್ಲಿ ಹೆಸರು ಬೇರೆಯಿದ್ದರೆ ತಿದ್ದುಪಡಿಗೆ ಅದನ್ನು ನೋಂದಾಯಿಸಿದ ಕಚೇರಿಗೇ ಅರ್ಜಿ ಕೊಡಬೇಕು. ಹಳ್ಳಿಯಾದರೆ ಗ್ರಾಮ ಆಡಳಿತ ಅಧಿಕಾರಿಯಿಂದ ಶುರುಮಾಡಿ. ಸಾವನ್ನೇ ನೋಂದಾಯಿಸಿರದಿದ್ದರೆ, ಒಂದು ವರ್ಷ ಮೀರಿದ ಪ್ರಕರಣಕ್ಕೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುವುದರಿಂದ ಮಿಕ್ಕೆಲ್ಲಕ್ಕಿಂತ ಮುಂಚೆ ಇದನ್ನು ಚಾಲೂ ಮಾಡಿ.

ಎರಡನೆಯದು, ಹೆಂಡತಿಯ ಹೆಸರಿಗೆ ಆಧಾರ್ ಅನ್ನು ಆಧಾರವಾಗಿಟ್ಟುಕೊಳ್ಳಿ. ಬ್ಯಾಂಕಿನವರು ಆಧಾರ್ ನೋಡಿ ಪಾಸ್‌ಬುಕ್ಕಿನ ಹೆಸರು ತಿದ್ದಿಕೊಡುತ್ತಾರೆ, ಪಡಿತರ ಚೀಟಿಯೂ ಹಾಗೆಯೇ. ಜನ ಮಾಡುವುದು ತಿರುಗಾಮುರುಗಾ. ಬ್ಯಾಂಕಿನಲ್ಲಿ ಹೀಗಿದೆ ಎಂದು ಆಧಾರ್ ತಿದ್ದಿಸುತ್ತಾರೆ, ಆಮೇಲೆ ಪಡಿತರ ಚೀಟಿಯಲ್ಲಿ ಹಾಗಿದೆ ಎಂದು ಮತ್ತೆ ತಿದ್ದಿಸುತ್ತಾರೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಜನ್ಮ ದಿನಾಂಕಕ್ಕೆ ಒಂದೇ ಸಲ. ಆ ಅವಕಾಶಗಳನ್ನು ಸೈಬರ್ ಸೆಂಟರ್‌ನ ಹುಡುಗನ ಕೈಗೆ ಕೊಟ್ಟು ಹಾಳುಮಾಡಿಕೊಳ್ಳಬೇಡಿ. ನಮ್ಮ ಕಡೆಯ ಮುದುಕಿಯರ ಆಧಾರ್‌ಗಳಲ್ಲಿ ಹುಟ್ಟಿದ ದಿನ ಹೆಚ್ಚಾಗಿ ಜನವರಿ 1 ಎಂದೇ ಇರುತ್ತದೆ, ವರ್ಷವೂ ಅಂದಾಜಿನದು. 65 ತುಂಬಿದೆ ಎಂದು ಅದು ತೋರಿಸುತ್ತಿದ್ದರೆ ಕೈ ಹಚ್ಚದೆ ಹಾಗೇ ಬಿಡಿ.

ಮೂರನೆಯದು, ಗಂಡ-ಹೆಂಡತಿಯ ಕೊಂಡಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರಿದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಮದುವೆ ಆಗಿದೆ ಎಂಬುದಕ್ಕೆ ಸಿಕ್ಕುವ ಹಳೆಯ ದಾಖಲೆಗಳನ್ನೆಲ್ಲ ಕಲೆಹಾಕಿ: ಗಂಡನ ಹೆಸರಿರುವ ಮತದಾರರ ಗುರುತಿನ ಚೀಟಿ, ಮಕ್ಕಳ ಶಾಲಾ ದಾಖಲಾತಿ, ಹಳೆಯ ಪಡಿತರ ಚೀಟಿ, ಕುಟುಂಬದ ವಂಶಾವಳಿ. ಜೊತೆಗೆ ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರ (ಅಫಿಡವಿಟ್). ‘ಗಂಗವ್ವ, ಗಂಗಾಬಾಯಿ, ಗಂಗಮ್ಮ ಈ ಮೂವರೂ ನಾನೊಬ್ಬಳೇ’ ಎಂಬ ಒಕ್ಕಣೆಯೂ ಅದರಲ್ಲೇ ಬರಲಿ, ಎಲ್ಲ ರೂಪಗಳೂ ಒಂದೇ ಪ್ರಮಾಣಪತ್ರದಲ್ಲಿ. ಒಂದೊಂದು ಹೆಸರಿಗೆ ಒಂದೊಂದು ಛಾಪಾ ಕಾಗದ ಮಾಡಿಸಿ ದುಡ್ಡು ಕೀಳುವ ಟೈಪಿಸ್ಟರಿದ್ದಾರೆ, ಎಚ್ಚರ. ಇವೆಲ್ಲವನ್ನೂ ಸೈನಿಕ ಕಚೇರಿಯ ಮೂಲಕ ಆಯಾ ದಳದ ರೆಕಾರ್ಡ್ ಆಫೀಸಿಗೆ (ಸೈನಿಕರ ಸೇವಾ ದಾಖಲೆ ಇಡುವ ಕಚೇರಿ) ಕಳಿಸಬೇಕಾಗಬಹುದು. ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲೇ ಇದೆ, ಮದ್ರಾಸ್ ಇಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್‌ನಲ್ಲಿ, ತೋಪುಪಡೆಯದು ನಾಸಿಕ್‌ನಲ್ಲಿ. ಪತ್ರದ ಮೊದಲ ಸಾಲಿನಲ್ಲೇ ಸೈನಿಕರ ಸೇವಾ ಸಂಖ್ಯೆ, ಹುದ್ದೆ, ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ ಇರಲಿ. ಸೇವಾ ಸಂಖ್ಯೆ ಇಲ್ಲದ ಪತ್ರಕ್ಕೆ ಉತ್ತರ ನಿರೀಕ್ಷಿಸಬೇಡಿ. ಹತ್ತು ಸಾಲು ಕಷ್ಟಸುಖ ಬರೆಯುವುದಕ್ಕಿಂತ ಆ ಒಂದು ಅಂಕಿ ಮೇಲು.

ಡಿಸ್ಚಾರ್ಜ್ ಬುಕ್ಕೇ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದು, ಅಫಿಡವಿಟ್ಟಿನೊಂದಿಗೆ ಅದೇ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಇದನ್ನೂ ಸೈನಿಕ ಕಚೇರಿಯ ಮೂಲಕವೇ ಮಾಡಿ.

ಈ ಮಧ್ಯೆ ಒಂದು ಮಾತು: ದಯವಿಟ್ಟು ಡಿಸ್ಚಾರ್ಜ್ ಬುಕ್ಕನ್ನು ಲ್ಯಾಮಿನೇಟ್ ಮಾಡಿಸಬೇಡಿ. ಜೆರಾಕ್ಸ್ ಅಂಗಡಿಗಳವರು ‘ಭದ್ರವಾಗಿರುತ್ತದೆ ಅಜ್ಜಿ’ ಎಂದು ಪುಸಲಾಯಿಸುತ್ತಾರೆ. ಐವತ್ತು ವರ್ಷದ ಕಾಗದ ಆ ಬಿಸಿಗೆ ಕಂದುತ್ತದೆ, ಉಬ್ಬಚ್ಚಿನ ಮೊಹರು ಚಪ್ಪಟೆಯಾಗುತ್ತದೆ, ಒಮ್ಮೆ ಪ್ಲಾಸ್ಟಿಕ್ ಹತ್ತಿದರೆ ಬಿಡಿಸಲೂ ಆಗದು. ಪಾರದರ್ಶಕ ಫೈಲ್ ಹಾಳೆಯೊಳಗೆ ಇಟ್ಟರೆ ಸಾಕು. ಹಾಗೆಯೇ, ಅಡಿಯಲ್ಲಿ ತನ್ನ ಹೆಸರು ಮುದ್ರಿಸುವ ಪುಕ್ಕಟೆ ಸ್ಕ್ಯಾನ್ ಆ್ಯಪ್‌ಗಳೂ ಬೇಡ, ಅರ್ಜಿಯೊಳಗಿನ ದಾಖಲೆಯ ಮೇಲೆ ಜಾಹೀರಾತು ಶೋಭಿಸುವುದಿಲ್ಲ.

ಹಂತ 4: ಅರ್ಜಿ ತುಂಬುವುದು

ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ನೋಂದಾಯಿಸಿ, ಮೂಲ ದಾಖಲೆಗಳ ಪ್ರತಿಗಳನ್ನು ಏರಿಸಿ, ಸಲ್ಲಿಸಿ. ಕಾಗದಗಳು ಹೊಂದಿದ್ದರೆ ಇದು ಒಂದು ಮಧ್ಯಾಹ್ನದ ಕೆಲಸ. ಇಮೇಲ್ ವಿಳಾಸ ಮತ್ತು ಮೊಬೈಲ್ ಸಂಖ್ಯೆ ಮನೆಯವರದೇ ಇರಲಿ, ಅಂಗಡಿಯವನದು ಬೇಡ. ಮುಂದಿನ ಸೂಚನೆಗಳೆಲ್ಲ ಅಲ್ಲಿಗೇ ಬರುತ್ತವೆ. ‘ನಾನು ಮಂಜೂರು ಮಾಡಿಸಿಕೊಡುತ್ತೇನೆ, ಮೊದಲ ತಿಂಗಳದ್ದು ನನಗೆ’ ಎನ್ನುವ ದಲ್ಲಾಳಿಯನ್ನು ಹೊಸ್ತಿಲಿಂದಾಚೆಗೇ ನಿಲ್ಲಿಸಿ. ಜಿಲ್ಲಾ ಕಚೇರಿ ಪರಿಶೀಲಿಸಿ ಶಿಫಾರಸು ಮಾಡುತ್ತದೆ, ಅರ್ಜಿ ರಾಜ್ಯದ ಮೂಲಕ ದೆಹಲಿಗೆ ಹೋಗುತ್ತದೆ, ಹಣ ನೇರ ಬ್ಯಾಂಕ್ ಖಾತೆಗೆ. ದಲ್ಲಾಳಿಗೆ ಇದರಲ್ಲಿ ಕೆಲಸವೇ ಇಲ್ಲ.

ಸಂಧ್ಯಾ ಸುರಕ್ಷಾ, ವಿಧವಾ ವೇತನದಂಥ ರಾಜ್ಯದ ಮಾಸಾಶನ ಬರುತ್ತಿದ್ದರೆ ಮುಚ್ಚಿಡಬೇಡಿ. ಆಧಾರ್ ಜೋಡಣೆಯ ಕಾಲದಲ್ಲಿ ಅದು ಬೆಳಕಿಗೆ ಬಂದೇ ಬರುತ್ತದೆ, ಆಗ ಕೊಟ್ಟದ್ದನ್ನು ವಾಪಸು ಕೇಳುವ ಪ್ರಸಂಗ ಬರಬಹುದು. ಕಚೇರಿಯಲ್ಲೇ ಹೇಳಿ, ಯಾವುದನ್ನು ಇಟ್ಟುಕೊಳ್ಳುವುದು ಎಂದು ಕೇಳಿ.

ಮಕ್ಕಳ ಶಿಕ್ಷಣಕ್ಕೆ, ಹೆಣ್ಣುಮಕ್ಕಳ ಮದುವೆಗೆ ಇದೇ ನಿಧಿಯಿಂದ ಬೇರೆ ಅನುದಾನಗಳಿವೆ. ಅವುಗಳ ಷರತ್ತು ಬೇರೆ, ಅರ್ಜಿಯೂ ಬೇರೆ.

ಹಂತ 5: ಪಡಿತರ ಚೀಟಿಯನ್ನು ಮರೆಯಬೇಡಿ

ಮಂಜೂರಾತಿಗೆ ಕಾಯುವ ತಿಂಗಳುಗಳಲ್ಲಿ ಹೊಟ್ಟೆ ಕಾಯುವುದಿಲ್ಲ. ಗಂಡನ ಹೆಸರು ಚೀಟಿಯಲ್ಲಿ ಇನ್ನೂ ಇದ್ದರೆ ತೆಗೆಸಿ, ಹೆಂಡತಿಯನ್ನು ಕುಟುಂಬದ ಯಜಮಾನಿ ಎಂದು ಮಾಡಿಸಿ. ಗೃಹಲಕ್ಷ್ಮಿಯ 2,000 ರೂಪಾಯಿಗೂ ಇದೇ ದಾರಿ. ಇ-ಕೆವೈಸಿ ಆಗದ ಚೀಟಿ ಇದ್ದೂ ಇಲ್ಲದಂತೆ. ಗದ್ದೆ ಕೆಲಸ ಮಾಡಿ ಸವೆದ ಬೆರಳಿನ ಅಚ್ಚನ್ನು ಯಂತ್ರ ಹಿಡಿಯದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು, ಕಣ್ಣಿನ ಗುರುತು ಎರಡನ್ನೂ ಹೊಸದಾಗಿ ಕೊಟ್ಟು ಬನ್ನಿ.

ಒಂಟಿ ಮುದುಕಿಗೆ ಅಂತ್ಯೋದಯ ಚೀಟಿಯನ್ನೇ ಕೇಳಿ ಎನ್ನುವುದು ನನ್ನ ಖಚಿತ ಸಲಹೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ (ಬಿಪಿಎಲ್) ಚೀಟಿಯಲ್ಲಿ ತಲೆಗೆ 5 ಕೆ.ಜಿ. ಧಾನ್ಯ, ಅಂತ್ಯೋದಯದಲ್ಲಿ ತಲೆ ಎಷ್ಟೇ ಇರಲಿ ಕುಟುಂಬಕ್ಕೆ 35 ಕೆ.ಜಿ. 2023ರ ಜನವರಿಯಿಂದ ಕೇಂದ್ರದ ಈ ಪಾಲು ಉಚಿತ, ರಾಜ್ಯದ ಅನ್ನಭಾಗ್ಯದ ಪಾಲು ಬೇರೆ ಲೆಕ್ಕ. ಜೀವನಾಧಾರವಿಲ್ಲದ ವಿಧವೆಯರು, ವೃದ್ಧರು ಅಂತ್ಯೋದಯದ ಪಟ್ಟಿಯಲ್ಲೇ ಬರುತ್ತಾರೆ. ಆಹಾರ ಇಲಾಖೆಯಲ್ಲಿ ‘ಮಿಲಿಟರಿಯವರಿಗೆ ಬಿಪಿಎಲ್ ಬರುವುದಿಲ್ಲ’ ಎಂದರೆ ಬೆದರಬೇಡಿ. ನಮ್ಮ ರಾಜ್ಯದಲ್ಲಿ ಬಿಪಿಎಲ್‌ನ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಗ್ರಾಂಟ್ ಮಂಜೂರಾದ ಮೇಲೂ ಅದು ವರ್ಷಕ್ಕೆ 96,000 ಆಗುತ್ತದೆ. ಕುಟುಂಬ ಪಿಂಚಣಿ ಬರುವವರ ಕಥೆ ಬೇರೆ. ಕನಿಷ್ಠ 9,000ಕ್ಕೆ ತುಟ್ಟಿಭತ್ಯೆ ಸೇರಿದರೆ ಮಿತಿ ದಾಟುತ್ತದೆ. ಮೂರು ಮೊಮ್ಮಕ್ಕಳನ್ನು ಸಾಕುತ್ತಿರುವ ಪಿಂಚಣಿದಾರ ವಿಧವೆ ಇದರಿಂದ ಹೊರಗುಳಿಯುವುದು ನನಗಂತೂ ನ್ಯಾಯವಾಗಿ ಕಾಣುವುದಿಲ್ಲ, ಆದರೆ ಸದ್ಯಕ್ಕೆ ನಿಯಮ ಹಾಗಿದೆ.

ಸೇವೆಯಲ್ಲಿರುವ ಹುಡುಗರ ಮನೆಯವರಿಗೆ

ಮಗ ಗಡಿಯಲ್ಲಿ, ಬಸುರಿ ಸೊಸೆ ಊರಿನಲ್ಲಿ. ಅಂಗನವಾಡಿಗೆ ಕಳಿಸಲು ಅತ್ತೆಗೆ ನಾಚಿಕೆ. ಅಂಗನವಾಡಿಯ ಪೌಷ್ಟಿಕ ಆಹಾರಕ್ಕೆ ಬಿಪಿಎಲ್ ಚೀಟಿ ಬೇಕಿಲ್ಲ, ಗಂಡನ ಸಂಬಳವನ್ನೂ ಕೇಳುವುದಿಲ್ಲ. 2017ರ ಅಕ್ಟೋಬರ್‌ನಿಂದ ರಾಜ್ಯದಾದ್ಯಂತ ಇರುವ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ ಇದೆ. ತಾಯಿ ಕಾರ್ಡ್ ಹಿಡಿದು ಕಾರ್ಯಕರ್ತೆಯ ಬಳಿ ಹೆಸರು ಬರೆಸಿದರಾಯಿತು. ಬೇರೆ ರಾಜ್ಯದಲ್ಲಿ ಗಂಡನ ಜೊತೆ ಬಾಡಿಗೆ ಮನೆಯಲ್ಲಿದ್ದು, ಹೆಸರು ಊರಿನ ಪಡಿತರ ಚೀಟಿಯಲ್ಲೇ ಇದ್ದರೆ, ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಕೇಂದ್ರದ ಪಾಲನ್ನು ಎತ್ತಬಹುದು.

ಗ್ರಾಂಟ್ ಬರತೊಡಗಿದ ಮೇಲೆ ಪ್ರತಿವರ್ಷ ಜೀವಂತ ಪ್ರಮಾಣಪತ್ರ ಕೊಡಬೇಕು. ತಪ್ಪಿದರೆ ಹಣ ನಿಲ್ಲುತ್ತದೆ, ನಿಂತದ್ದನ್ನು ಯಾರೂ ಮನೆಗೆ ಬಂದು ತಿಳಿಸುವುದಿಲ್ಲ. ಬ್ಯಾಂಕ್ ಖಾತೆಯನ್ನು ಬದಲಿಸಬೇಡಿ, ಶಾಖೆ ವಿಲೀನವಾಗಿ ಐಎಫ್‌ಎಸ್‌ಸಿ ಸಂಖ್ಯೆ ಬದಲಾದರೆ ಆ ವಾರವೇ ಸೈನಿಕ ಕಚೇರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗಂಡನ ಹೆಸರಿನಲ್ಲಿ ಬರುತ್ತಿದ್ದ ಗ್ರಾಂಟ್ ಅವನ ನಂತರ ಹೆಂಡತಿಗೆ ತಾನಾಗಿ ವರ್ಗವಾಗುತ್ತದೆ ಎಂದು ಕೂರಬೇಡಿ. ಆಕೆಗೆ 65 ತುಂಬಿದ್ದರೆ ಆಕೆಯ ಹೆಸರಿನಲ್ಲಿ ಹೊಸ ಅರ್ಜಿ ಹಾಕಿ. ಮೂರನೇ ಹಂತದ ಕಾಗದಗಳನ್ನು ಗಂಡ ಬದುಕಿರುವಾಗಲೇ, ಅವನ ಸಹಿ ಸಿಗುವಾಗಲೇ, ಮಾಡಿಸಿಟ್ಟಿದ್ದರೆ ಆ ಅರ್ಜಿ ಬೇಗ ಸಾಗುತ್ತದೆ.