ಮನೆ ಕೊಳ್ಳುವ ಮೊದಲು ಒಂದು ಮಳೆಗಾಲ: ಆರ್‌ವಿಯಲ್ಲಿದ್ದುಕೊಂಡು ಆರೆಗಾನ್ ಕರಾವಳಿಗೆ ನೆಲೆ ಬದಲಿಸುವ ಬಗೆ

ಅಮೆರಿಕದ ಒಳನಾಡಿನಲ್ಲಿರುವವರಿಗೆ ಕಡಲ ಬಳಿ ಹೋಗಿ ನೆಲೆಸಬೇಕೆಂಬ ಆಸೆ ಹುಟ್ಟುವುದು ಸಾಮಾನ್ಯವಾಗಿ ಜುಲೈ ತಿಂಗಳ ಪ್ರವಾಸದಲ್ಲಿ. ಆ ಹುಮ್ಮಸ್ಸಿನಲ್ಲೇ ಮನೆ ಕೊಂಡವರಿಗೆ ನವೆಂಬರಿನ ಕಡಲು ಹೇಗಿರುತ್ತದೆಂಬುದು ಸಾಲದ ಕಂತು ಶುರುವಾದ ಮೇಲಷ್ಟೇ ತಿಳಿಯುತ್ತದೆ. ಐಡಾಹೊದ ಬಾಯ್ಸಿಯಿಂದ ಆರೆಗಾನಿನ ನ್ಯೂಪೋರ್ಟಿಗೆ ಬಂದಾಗ ನಾನೂ ನನ್ನ ಯಜಮಾನರೂ ಈ ಕಾರಣಕ್ಕಾಗಿಯೇ ಮನೆ ಕೊಳ್ಳದೆ, ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ 26 ಅಡಿಯ ಟ್ರಾವೆಲ್ ಟ್ರೇಲರಿನಲ್ಲಿ (ಆರ್‌ವಿ ಎಂದು ಕರೆಯುವ ಚಕ್ರದ ಮನೆಗಳಲ್ಲಿ ಇದೂ ಒಂದು ಬಗೆ) ಅಕ್ಟೋಬರಿನಿಂದ ಮೇ ತಿಂಗಳವರೆಗೆ ಇದ್ದೆವು. "ಇದ್ದ ಮನೆ ಬಿಟ್ಟು ಗಾಡಿಯಲ್ಲಿ ಇರ್ತೀರಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಒಂದು ಮಳೆಗಾಲವನ್ನು ಅಲ್ಲಿಯೇ ಕಳೆದು ನೋಡುವುದಕ್ಕೆ ಇದಕ್ಕಿಂತ ಅಗ್ಗದ ದಾರಿ ನಮಗೆ ಕಾಣಲಿಲ್ಲ.

ಮೊದಲು ಮಾಡಬೇಕಾದ ಕೆಲಸ ಗಾಡಿ ಕೊಳ್ಳುವುದಲ್ಲ, ಗಾಡಿ ನಿಲ್ಲಿಸುವ ಜಾಗವನ್ನು ಗೊತ್ತುಮಾಡಿಕೊಳ್ಳುವುದು. ಆರೆಗಾನಿನ ಕಡಲತೀರಗಳೆಲ್ಲ 1967ರ ಬೀಚ್ ಬಿಲ್ ಎಂಬ ಕಾನೂನಿನ ಪ್ರಕಾರ ಸಾರ್ವಜನಿಕರಿಗೆ ಮುಕ್ತವಾಗಿವೆ ನಿಜ, ಆದರೆ ತೀರದಲ್ಲಿ ರಾತ್ರಿ ಗಾಡಿ ನಿಲ್ಲಿಸಿ ಸಂಸಾರ ಹೂಡಬಹುದೆಂದು ಅದರ ಅರ್ಥವಲ್ಲ. ಬೆವರ್ಲಿ ಬೀಚ್, ಸೌತ್ ಬೀಚ್ ಮುಂತಾದ ಸ್ಟೇಟ್ ಪಾರ್ಕುಗಳು ಸೊಗಸಾಗಿವೆಯಾದರೂ 17 ದಿನಗಳ ಅವಧಿಯಲ್ಲಿ 14 ರಾತ್ರಿಗಳಿಗಿಂತ ಹೆಚ್ಚು ಉಳಿಯಲು ಅಲ್ಲಿ ಅವಕಾಶವಿಲ್ಲ. ಆದ್ದರಿಂದ ತಿಂಗಳ ಬಾಡಿಗೆಗೆ ಜಾಗ ಕೊಡುವ ಆರ್‌ವಿ ಪಾರ್ಕನ್ನೇ ಹುಡುಕಬೇಕು. ಬೇಸಿಗೆಯ ಪ್ರವಾಸಿಗರು ಹಿಂತಿರುಗಿದ ಮೇಲೆ, ಅಕ್ಟೋಬರಿನಿಂದ ವಸಂತದವರೆಗೆ, ಹಲವು ಪಾರ್ಕುಗಳು ತಿಂಗಳ ದರಕ್ಕೆ ಇಳಿಯುತ್ತವೆ. ಹತ್ತು ವರ್ಷಕ್ಕಿಂತ ಹಳೆಯ ಗಾಡಿಯನ್ನು ಕೆಲವರು ಒಳಗೆ ಬಿಡುವುದಿಲ್ಲವಾದ್ದರಿಂದ, ಸೆಕೆಂಡ್ ಹ್ಯಾಂಡ್ ಟ್ರೇಲರಿಗೆ ಮುಂಗಡ ಕೊಡುವ ಮೊದಲೇ ಪಾರ್ಕಿನವರಿಗೆ ಫೋನ್ ಮಾಡಿ ಆ ನಿಯಮವನ್ನು ಕೇಳಿಕೊಳ್ಳಿ.

ವೀಸಾದ ಮೇಲಿರುವ ಕನ್ನಡಿಗರು ಇಲ್ಲಿ ಇನ್ನೂ ಒಂದು ಹೆಜ್ಜೆ ಎಚ್ಚರಿಕೆಯಿಂದ ಇಡಬೇಕು. ಎಚ್-1ಬಿ ಮೇಲೆ ಮನೆಯಿಂದಲೇ ಕೆಲಸ ಮಾಡುವವರಿಗೆ ಆ ಮನೆಯೇ ಕೆಲಸದ ಸ್ಥಳ; ಅದು ಮೂಲ ಅರ್ಜಿಯಲ್ಲಿ ನಮೂದಾದ ಪ್ರದೇಶವನ್ನು ದಾಟಿದರೆ, ವಲಸೆ ಇಲಾಖೆಯ 2015ರ ತೀರ್ಮಾನವೊಂದರ ನಂತರ, ಕಂಪನಿಯು ತಿದ್ದುಪಡಿ ಅರ್ಜಿಯನ್ನು ಸಲ್ಲಿಸಬೇಕಾಗುತ್ತದೆ, ಅದೂ ನೀವು ಹೊಸ ಊರಿನಲ್ಲಿ ಕೆಲಸ ಶುರುಮಾಡುವ ಮೊದಲೇ. ಟ್ರೇಲರಿಗೆ ಚಕ್ರವಿದೆ, ಹೀಗಾಗಿ ಇದು ಪ್ರವಾಸವೆಂದೇ ಲೆಕ್ಕ ಎಂಬ ವಾದ ಗೆಳೆಯರ ನಡುವೆ ನಡೆದೀತು, ಕಚೇರಿಯ ವಕೀಲರ ಮುಂದೆ ನಡೆಯದು. ಗ್ರೀನ್ ಕಾರ್ಡ್ ಇದ್ದವರೂ ಸೇರಿದಂತೆ ವಿದೇಶಿ ಪ್ರಜೆಗಳು ವಿಳಾಸ ಬದಲಾದ 10 ದಿನಗಳೊಳಗೆ ಎಆರ್-11 ಫಾರ್ಮನ್ನು ತುಂಬಬೇಕು. ಆ ಫಾರ್ಮಿನಲ್ಲಿ ವಾಸದ ವಿಳಾಸಕ್ಕೂ ಟಪಾಲಿನ ವಿಳಾಸಕ್ಕೂ ಬೇರೆ ಬೇರೆ ಜಾಗವಿರುವುದರಿಂದ, ಪಾರ್ಕಿನ ವಿಳಾಸವನ್ನು ಸೈಟ್ ಸಂಖ್ಯೆಯ ಸಮೇತ ಮೊದಲನೆಯದಕ್ಕೆ ಬರೆದು, ಟಪಾಲನ್ನು ನಂಬಿಕೆಯ ಕಡೆಗೆ ತರಿಸಿಕೊಳ್ಳಬಹುದು.

ಬಾಯ್ಸಿಯಿಂದ ನ್ಯೂಪೋರ್ಟಿಗೆ ಯು.ಎಸ್. 20 ಹೆದ್ದಾರಿಯಲ್ಲಿ ಸುಮಾರು 500 ಮೈಲಿ. ಬಾಸ್ಟನ್ನಿನಲ್ಲಿ ಹುಟ್ಟಿದ ಆ ರಸ್ತೆ ಮುಗಿಯುವುದೇ ನ್ಯೂಪೋರ್ಟಿನಲ್ಲಿ. ಬರ್ನ್ಸ್‌ನಿಂದ ಬೆಂಡ್‌ವರೆಗಿನ 130 ಮೈಲಿಯಲ್ಲಿ ಬಯಲು ಬಿಟ್ಟರೆ ಹೆಚ್ಚೇನೂ ಇಲ್ಲದ ಕಾರಣ ಬರ್ನ್ಸ್‌ನಲ್ಲಿಯೇ ಟ್ಯಾಂಕ್ ತುಂಬಿಸಿಕೊಳ್ಳಿ. ಅದರಾಚೆಗೆ 4,817 ಅಡಿ ಎತ್ತರದ ಸ್ಯಾಂಟಿಯಾಮ್ ಘಾಟಿ ಬರುತ್ತದೆ. ಅಲ್ಲಿ ಹಿಮ ಬೀಳಲು ಶುರುವಾಗುವ ಮೊದಲೇ, ಅಂದರೆ ಅಕ್ಟೋಬರಿನ ಮೊದಲ ದಿನಗಳಲ್ಲೇ ದಾಟುವುದು ಒಳ್ಳೆಯದು, ಆಗಲೂ ಟೈರಿನ ಚೈನುಗಳು ಜೊತೆಯಲ್ಲಿರಲಿ. ಘಾಟಿ ಹತ್ತುವಾಗ ನೀರಿನ ಟ್ಯಾಂಕ್ ತುಂಬಿರುವುದು ಬೇಡ, ಏಕೆಂದರೆ 40 ಗ್ಯಾಲನ್ ನೀರೆಂದರೆ 150 ಕಿಲೋ ತೂಕ. ಹೊರಡುವ ಮುನ್ನ ಟ್ರಕ್ ಸ್ಟಾಪಿನ ತೂಕದ ಕಟ್ಟೆಯ ಮೇಲೆ ಗಾಡಿಯನ್ನು ನಿಲ್ಲಿಸಿ, ಬಾಗಿಲ ಬಳಿಯ ಚೀಟಿಯಲ್ಲಿ ಬರೆದ ಮಿತಿಯೊಂದಿಗೆ ಹೋಲಿಸಿ ನೋಡಬೇಕು. ನಾವು ತೂಗಿಸಿದ ದಿನವೇ ಕಲ್ಲಿನ ಗ್ರೈಂಡರು ಗೆಳತಿಯೊಬ್ಬಳ ಗ್ಯಾರೇಜು ಸೇರಿತು.

ಇನ್ನು ತೇವದ ವಿಷಯ. ನ್ಯೂಪೋರ್ಟಿನಲ್ಲಿ ವರ್ಷಕ್ಕೆ ಬೀಳುವ ಮಳೆ ಮಂಗಳೂರಿನದರ ಅರ್ಧದಷ್ಟು ಇದ್ದೀತು, ಆದರೆ ಅದರ ಬಹುಪಾಲು ಚಳಿಗಾಲದಲ್ಲೇ ಸುರಿಯುತ್ತದೆ. ನಮ್ಮ ಕರಾವಳಿಯ ಮಳೆಗೆ ಕಿಟಕಿ ತೆರೆದಿಟ್ಟು ಕೂರಬಹುದು. ಇಲ್ಲಿ ಚಳಿಗೆ ಹೆದರಿ ಎಲ್ಲವನ್ನೂ ಮುಚ್ಚುತ್ತೇವೆ, ಆಗ ಇಬ್ಬರ ಉಸಿರು, ಸ್ನಾನದ ಹಬೆ, ಅನ್ನದ ಹಬೆ ಎಲ್ಲವೂ ಹೋಗಲು ದಾರಿಯಿಲ್ಲದೆ ತಣ್ಣಗಿನ ಗೋಡೆಯ ಮೇಲೆ ನೀರಾಗಿ ಕೂರುತ್ತವೆ. ಗ್ಯಾಸ್ ಒಲೆಯೂ ಇದರಲ್ಲಿ ಪಾಲುದಾರ: ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಿನ ಆವಿ ಹೊರಬರುತ್ತದೆ. ಟ್ರೇಲರಿನ ಫರ್ನೇಸು ತನ್ನ ಹೊಗೆಯನ್ನು ಹೊರಗೆ ಬಿಡುತ್ತದೆ, ಒಲೆ ಮಾತ್ರ ಒಳಗೇ ಬಿಡುತ್ತದೆ. ಹೀಗಾಗಿ ಅಡುಗೆಯ ಹೊತ್ತಿನಲ್ಲಿ ಚಾವಣಿಯ ಫ್ಯಾನ್ ಓಡುತ್ತಿರಬೇಕು, ಒಂದು ಕಿಟಕಿ ಎರಡು ಬೆರಳಿನಷ್ಟಾದರೂ ತೆರೆದಿರಬೇಕು; ಒಲೆಯನ್ನು ಕೋಣೆ ಬೆಚ್ಚಗಾಗಿಸಲು ಎಂದಿಗೂ ಉರಿಸಬಾರದು, ಅದರ ವಿಷಾನಿಲ ಪ್ರಾಣಕ್ಕೇ ಅಪಾಯ.

ಗಾಳಿಯ ತೇವವನ್ನು ಹೀರುವ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್, ಇಲ್ಲದೆ ಇಲ್ಲಿ ಚಳಿಗಾಲ ಕಳೆಯಲಾಗದು. ಕಂಪ್ರೆಸರ್ ಇರುವಂಥದನ್ನೇ ಕೊಂಡು, ಅದರ ಪೈಪನ್ನು ಸಿಂಕಿಗೆ ಇಳಿಬಿಡಿ, ಹತ್ತು ಡಾಲರಿನ ಆರ್ದ್ರತಾಮಾಪಕವೊಂದನ್ನು ಗೋಡೆಗೆ ತಗುಲಿಸಿ, ಅದರ ಮುಳ್ಳು ಶೇಕಡ 50ರ ಆಸುಪಾಸಿನಲ್ಲಿ ಇರುವಂತೆ ನೋಡಿಕೊಳ್ಳಿ. ನಾವು ತಡಮಾಡಿದೆವು. ನವೆಂಬರಿನ ಮೂರನೆಯ ವಾರ ಹಾಸಿಗೆಯನ್ನು ಎತ್ತಿದರೆ ಕೆಳಗಿನ ಹಲಗೆ ಒದ್ದೆಯಾಗಿ, ಹಾಸಿಗೆಯ ತಳದಲ್ಲಿ ಎಳ್ಳು ಚೆಲ್ಲಿದಂತೆ ಬೂಷ್ಟಿನ ಕರಿಚುಕ್ಕಿಗಳಿದ್ದವು. ಹೊರಗೋಡೆಗೆ ಅಂಟಿದ ಕಪಾಟಿನಲ್ಲಿಟ್ಟ ಪಾಸ್‌ಪೋರ್ಟುಗಳ ಹೊದಿಕೆಯೂ ಮೆತ್ತಗಾಗಿತ್ತು. ಅಂದಿನಿಂದ ಹಾಸಿಗೆಯ ಕೆಳಗೆ ಗಾಳಿಯಾಡಲು ಮರದ ಪಟ್ಟಿಗಳನ್ನು ಜೋಡಿಸಿ, ಕಾಗದಪತ್ರಗಳನ್ನು ಗಾಳಿ ಹೋಗದ ಡಬ್ಬಿಗೆ ಹಾಕಿ, ಹಪ್ಪಳ, ಹುರಿಗಡಲೆ, ಇಂಗನ್ನೆಲ್ಲ ಗಾಜಿನ ಭರಣಿಗಳಿಗೆ ತುಂಬಿಸಿದೆವು.

ವಿದ್ಯುತ್ತಿನ ಲೆಕ್ಕವನ್ನು ಇಬ್ಬರೂ ಬಾಯಿಪಾಠ ಮಾಡಬೇಕು. 30 ಆಂಪಿಯರಿನ ಸಂಪರ್ಕವೆಂದರೆ 120 ವೋಲ್ಟಿನಲ್ಲಿ ಒಟ್ಟು 3,600 ವ್ಯಾಟ್. ಅದರಲ್ಲಿ ಹೀಟರಿಗೆ 1,500, ಇನ್‌ಸ್ಟಂಟ್ ಪಾಟ್ ಎಂಬ ವಿದ್ಯುತ್ ಕುಕ್ಕರಿಗೆ 1,000, ಡಿಹ್ಯೂಮಿಡಿಫೈಯರಿಗೆ ಒಂದಿಷ್ಟು ಹೋದ ಮೇಲೆ ಯಾರಾದರೂ ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬಿದ್ದು, ಮೀಟಿಂಗಿನ ನಡುವೆ ವೈಫೈ ಸತ್ತು, ಸಂಸಾರದಲ್ಲಿ ಮೌನ ಆವರಿಸುತ್ತದೆ. ಊರಿನಿಂದ ತಂದ 230 ವೋಲ್ಟಿನ ಮಿಕ್ಸಿಯನ್ನು ಬಿಟ್ಟು ಬನ್ನಿ.

ಚಳಿಗಾಲದ ಬಿರುಗಾಳಿ ಹೆಚ್ಚಾಗಿ ದಕ್ಷಿಣ ಮತ್ತು ನೈಋತ್ಯದಿಂದ ಬೀಸುವುದರಿಂದ, ಸಾಧ್ಯವಾದರೆ ಟ್ರೇಲರಿನ ಅಗಲವಾದ ಮಗ್ಗುಲು ಆ ದಿಕ್ಕಿಗೆ ಬಾರದ ಸೈಟನ್ನು ಕೇಳಿ ಪಡೆಯಿರಿ. ಹೊರಚಾಚುವ ಆನಿಂಗ್ (ನೆರಳಿನ ಚಪ್ಪರ) ರಾತ್ರಿ ಸುತ್ತಿಕೊಂಡೇ ಇರಲಿ. ಉಪ್ಪುಗಾಳಿಗೆ ಹಿಚ್ (ಟ್ರೇಲರನ್ನು ಟ್ರಕ್ಕಿಗೆ ಸೇರಿಸುವ ಕೊಂಡಿ), ಮೆಟ್ಟಿಲು, ಪ್ಲಗ್ಗಿನ ಹಲ್ಲುಗಳು ಬೇಗ ತುಕ್ಕು ಹಿಡಿಯುವುದರಿಂದ ತಿಂಗಳಿಗೊಮ್ಮೆ ಗಾಡಿಯ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯಬೇಕು, ಚಾವಣಿಯ ಸೀಲಂಟಿನಲ್ಲಿ ಬಿರುಕಿದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಬೇಕು.

ಬಂದ ಮೊದಲ ವಾರವೇ ಸುನಾಮಿಯ ದಾರಿಯನ್ನು ನಡೆದು ನೋಡಿರಿ. ಈ ಕರಾವಳಿಯಾಚೆ ಕಡಲಡಿಯಲ್ಲಿರುವ ಕ್ಯಾಸ್ಕೇಡಿಯಾ ಸ್ತರಭಂಗದಲ್ಲಿ 1700ರ ಜನವರಿ 26ರಂದು ಆದ ಭೂಕಂಪದ ಅಲೆ ಜಪಾನಿನವರೆಗೂ ಹೋಗಿತ್ತು. ಮುಂದಿನದು ಯಾವಾಗ ಎಂದು ಯಾರೂ ಹೇಳಲಾರರು. ಸೌತ್ ಬೀಚಿನಲ್ಲಿ ತಂಗುವವರಿಗೆ ಸೇಫ್ ಹೇವನ್ ಎಂಬ ಗುಡ್ಡವನ್ನೇ ಸೇರುವ ಜಾಗವಾಗಿ ಗುರುತಿಸಲಾಗಿದೆ. ನೆಲ ನಡುಗಿದರೆ ಸೈರನ್ನಿಗೆ ಕಾಯದೆ, ಟ್ರೇಲರನ್ನು ಟ್ರಕ್ಕಿಗೆ ಕಟ್ಟುವ ಯೋಚನೆಯನ್ನೂ ಮಾಡದೆ, ಕಾಲ್ನಡಿಗೆಯಲ್ಲಿ ಹೊರಡಬೇಕು. ಬಾಗಿಲ ಬಳಿ ಎರಡು ಜೊತೆ ಬೂಟು, ಒಂದು ಚೀಲ, ಟಾರ್ಚು ಸದಾ ಇರಲಿ.

ಮನೆ ಹುಡುಕುವ ಕೆಲಸವನ್ನು ಜನವರಿಯಲ್ಲಿ, ಮಳೆ ಸುರಿಯುವ ದಿನವೇ ಇಟ್ಟುಕೊಳ್ಳಿ. ಮನೆಯಡಿಯ ಕ್ರಾಲ್ ಸ್ಪೇಸಿನಲ್ಲಿ ನೀರು ನಿಂತಿದೆಯೇ, ಉತ್ತರದ ಸೂರಿನ ಮೇಲೆ ಪಾಚಿ ಎಷ್ಟಿದೆ, ನೈಋತ್ಯದ ಕಿಟಕಿಯ ಚೌಕಟ್ಟು ಒಳಗಿನಿಂದ ಊದಿಕೊಂಡಿದೆಯೇ ಎಂಬುದೆಲ್ಲ ಆಗ ಕಣ್ಣಿಗೆ ಬೀಳುತ್ತದೆ. ಬೇಳೆ, ಸೊಪ್ಪು, ಮಸಾಲೆಗಳಿಗಾಗಿ 50 ಮೈಲಿ ಆಚೆಯ ಕೊರ್ವಾಲಿಸ್‌ಗೋ, ಅದಕ್ಕಿಂತ ಬಹಳ ದೂರದ ಬೀವರ್‌ಟನ್ನಿಗೋ ಹೋಗಿಬರುವುದು ನಿಮಗೆ ಒಗ್ಗಿದೆಯೇ ಎಂಬುದೂ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಮನೆ ಗೊತ್ತಾದ ಮೇಲೆ ಟ್ರೇಲರನ್ನು ಮಾರುವುದಾದರೆ ಏಪ್ರಿಲ್, ಮೇ ತಿಂಗಳಲ್ಲಿ ಮಾರಿ. ಬೇಸಿಗೆಯ ಕನಸು ಕಾಣುತ್ತ ಕೊಳ್ಳುವವರು ಆಗ ತಾವಾಗಿ ಬರುತ್ತಾರೆ, ಹಾಸಿಗೆಯನ್ನು ಎತ್ತಿ ನೋಡುವವರಿಗೆ ಆ ನವೆಂಬರಿನ ಕಥೆಯನ್ನು ಮುಚ್ಚಿಡದೆ ಹೇಳಿಬಿಡಿ.