ಕೇಳೋದು ಬಿಟ್ಟು ಓದಿಸಿ ನೋಡಿದ್ವಿ: ವಯಸ್ಕರ ಸಾಕ್ಷರತೆ ಸರ್ವೇಲಿ ನನ್ನ ಅನುಭವ

ಒಬ್ಬೊಬ್ಬರ ಕೈಗೂ ಕಾರ್ಡ್ ಕೊಟ್ಟು ಓದಿಸ್ತೀವಿ ಅಂದಾಗ ನಮ್ಮ ಜೊತೆಗಿದ್ದವರೇ ನಂಬಲಿಲ್ಲ. ಖರ್ಚು ಜಾಸ್ತಿ, ಜನ ಅವಮಾನ ಅಂದ್ಕೋತಾರೆ, ಸೆನ್ಸಸ್ ನಂಬರ್ ಇದೆಯಲ್ಲ ಸಾಕು ಅಂದ್ರು. ಈಗ ಅವರೇ ನಮ್ಮ ಶೀಟ್ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಸೆನ್ಸಸ್ಸಿನ ತೊಂದರೆ ನಿಮಗೆ ಗೊತ್ತಿರೋದೇ, ಮನೇಲಿ ಒಬ್ಬರು ಎಲ್ರ ಪರವಾಗಿ ಉತ್ತರ ಕೊಟ್ಬಿಡ್ತಾರೆ. ನಮ್ಮ ಮೊದಲ ಸರ್ವೇನ ಒಂದು ಏಜೆನ್ಸಿಗೆ ಕೊಟ್ಟಿದ್ವಿ, ಬಜೆಟ್ಟಲ್ಲಿ ಹತ್ರಹತ್ರ ಅರ್ಧ ಅಲ್ಲೇ ಹೋಯ್ತು. ಅವರು ಹಗಲು ಹೊತ್ತು ಮನೇಲಿ ಸಿಕ್ಕವರನ್ನ ಕೇಳ್ಕೊಂಡು ಬಂದ್ರು, ಪಟ್ಟಿ ತುಂಬ ವಯಸ್ಸಾದವರೇ, ದುಡಿಯೋಕೆ ಹೋದವರು ಲೆಕ್ಕಕ್ಕೇ ಇಲ್ಲ. ಅಧಿಕಾರಿಗಳು "ಯಾವ ವಯಸ್ಸಿನವರು, ಹೇಗೆ ಅಳೆದ್ರಿ" ಅಂತ ಕೇಳಿದ ಕೂಡ್ಲೇ ಫೈಲು ಮುಚ್ಚಿಹೋಯ್ತು.

ಎರಡನೇ ಸಲ ಡಿಎಚ್‌ಎಸ್ (ಹಲವು ದೇಶಗಳಲ್ಲಿ ಮನೆಮನೆಗೆ ಹೋಗಿ ಮಾಡೋ ಜನಸಂಖ್ಯೆ, ಆರೋಗ್ಯದ ಸರ್ವೇ) ಥರ ಹೋದ್ವಿ. ಕಾರ್ಡಲ್ಲಿ ಒಂದು ಸರಳ ವಾಕ್ಯ. ಓದಲೇ ಇಲ್ಲ, ಸ್ವಲ್ಪ ಓದಿದ್ರು, ಪೂರ್ತಿ ಓದಿದ್ರು, ಅವರ ಭಾಷೆ ಕಾರ್ಡ್ ಇಲ್ಲ, ಕಣ್ಣು ಕಾಣಲ್ಲ, ಇಷ್ಟೇ ಕೋಡ್. ಆದ್ರೆ ಅಲ್ಲಿ ಹೆಚ್ಚು ಓದಿದವರಿಗೆ ಕಾರ್ಡ್ ಕೊಡಲ್ಲ, ಬರುತ್ತೆ ಅಂತ್ಲೇ ಹಿಡೀತಾರೆ. ನಾವು ಆಯ್ಕೆಯಾದ ಎಲ್ರಿಗೂ ಕೊಟ್ವಿ, ನಾವು ಗೆದ್ದಿದ್ದೇ ಇದರಲ್ಲಿ. ಎಂಟು ಹತ್ತು ಕ್ಲಾಸ್ ಮುಗಿಸಿದವರಲ್ಲೂ ವಾಕ್ಯದ ಮಧ್ಯೆ ತಡವರಿಸಿ ನಿಂತವರು ಸಿಕ್ಕಿದ್ರು. ಯುನೆಸ್ಕೋದ 1958ರ ವ್ಯಾಖ್ಯೆಲಿ ಅರ್ಥ ಮಾಡ್ಕೊಂಡು ಓದೋದೂ ಬರೆಯೋದೂ ಎರಡೂ ಇದೆ, ಹಾಗಾಗಿ ಒಂದು ಸಾಲು ಬರೆಸಿದ್ವಿ ಕೂಡ.

"ಕನ್ನಡಕ ತಂದಿಲ್ಲ" ಅನ್ನೋರು ಬಹಳ. ಬ್ಯಾಗಲ್ಲಿ ಮೂರ್ನಾಲ್ಕು ಪವರಿನ ಕನ್ನಡಕ ಇಟ್ಕೊಂಡ್ವಿ. ಹಾಕ್ಕೊಂಡ ಮೇಲೆ ಕೆಲವರು ಸರಾಗ ಓದಿದ್ರು, ಕೆಲವರು ಕಾರ್ಡನ್ನ ಒಂದ್ಸಲ ತಿರುಗಿಸಿ ನೋಡಿ ಸುಮ್ನೆ ವಾಪಸ್ ಕೊಟ್ರು. ಈ ಇಬ್ರನ್ನೂ ಬೇರೆ ಮಾಡೋಕೆ ತುಂಬ ಅಗ್ಗದ ದಾರಿ ಇದು.

ದುಡ್ಡಿನ ವಿಷಯ: ಟ್ಯಾಬ್ಲೆಟ್ ಬಿಟ್ಟು ಪೇಪರ್ ಫಾರಂ ಹಿಡಿದ್ವಿ. ಉಳಿದಿದ್ದನ್ನ ತರಬೇತಿಗೂ ಸಂಜೆ ಮತ್ತೆ ಅದೇ ಮನೆಗೆ ಹೋಗೋದಕ್ಕೂ ಹಾಕಿದ್ವಿ. ಮನೇಲಿ ಯಾರ ಹುಟ್ಟಿದಹಬ್ಬ ಮೊದಲು ಬರುತ್ತೋ ಅವರೇ ಬೇಕು, ಅವರು ಸಿಗೋವರೆಗೂ ಬದಲಿ ಇಲ್ಲ. ಸ್ಯಾಂಪಲ್ 384 ಸಾಕು ಅಂತ ಎಲ್ರೂ ಹೇಳ್ತಾರೆ, ಅದು ಇಡೀ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರನ್ನ ಆರಿಸಿದಾಗ, 95 ಪರ್ಸೆಂಟ್ ಭರವಸೆಲಿ, ಬಂದ ನಂಬರ್ ಐದು ಪರ್ಸೆಂಟ್ ಪಾಯಿಂಟ್ ಆಚೀಚೆ ಇರಬಹುದು ಅನ್ನೋ ಲೆಕ್ಕ. ಗುಂಪುಗುಂಪಾಗಿ ಮನೆ ಹಿಡಿದ್ರೆ ಅಕ್ಕಪಕ್ಕದವರು ಹೆಚ್ಚುಕಮ್ಮಿ ಒಂದೇ ಥರ ಇರ್ತಾರೆ, ಅದಕ್ಕೆ ಡಬಲ್ ಮಾಡ್ಕೊಳ್ಳಿ, ನಮ್ಮದು 770ರ ಸುಮಾರಿತ್ತು.

ಮಧ್ಯೆ ಮೊಬೈಲ್ ಮೆಸೇಜೂ ಓದಿಸಿ ನೋಡಿದೆ. ಕಾರ್ಡಲ್ಲಿ ನಿಂತವರು ಕೂಡ ಫೋಟೋ ನೋಡಿ ಕರೆಕ್ಟಾಗಿ ಕಾಲ್ ಮಾಡ್ತಾರೆ, ಫೋನ್ ಬಳಸ್ತಾರೆ ಅಂದ್ರೆ ಓದ್ತಾರೆ ಅಂತಲ್ಲ! ಅದನ್ನ ಬೇರೆ ಶೀಟಲ್ಲೇ ಇಟ್ಟೆ.

ಕಾರ್ಡಿನ ವಾಕ್ಯಗಳನ್ನ ಮಾತ್ರ ಕೇಳಬೇಡಿ, ಹೊರಗೆ ಬಂದ್ರೆ ಪಕ್ಕದ ಮನೆಯವರು ಬಾಯಿಪಾಠ ಮಾಡಿರ್ತಾರೆ. ಪಕ್ಕದಲ್ಲಿ ಕೂತು ಉತ್ತರ ಹೇಳ್ಕೊಡೋರನ್ನ ನೋವಾಗದ ಹಾಗೆ ಹೇಗೆ ಎಬ್ಬಿಸ್ತೀವಿ ಅನ್ನೋದೂ ನಮ್ಮಲ್ಲೇ ಇರಲಿ.

ವರದಿಲಿ ಪ್ರತಿ ನಂಬರಿನ ಕೆಳಗೂ ವಯಸ್ಸು, ವರ್ಷ, ಅಳೆದ ರೀತಿ ಬರೆದ್ವಿ. ಯುನೆಸ್ಕೋ ಲೆಕ್ಕ 15 ವರ್ಷ ಮೇಲ್ಪಟ್ಟವರದ್ದು, ಒಇಸಿಡಿ ಅನ್ನೋ ದೇಶಗಳ ಒಕ್ಕೂಟ ವಯಸ್ಕರ ಕೌಶಲ ಅಳೆಯೋಕೆ ಮಾಡೋ ಪಿಯಾಕ್ ಸರ್ವೇ 16ರಿಂದ 65ರವರದ್ದು, ಎರಡನ್ನೂ ಒಂದೇ ಟೇಬಲ್ಲಿಗೆ ಹಾಕಿದ್ರೆ ಹೋಲಿಕೆನೇ ಕೆಟ್ಟುಹೋಗುತ್ತೆ. ಈ ಸಲ ಮೀಟಿಂಗಲ್ಲಿ ನಂಬರ್ ಬಗ್ಗೆ ಜಗಳಾನೇ ಆಗಲಿಲ್ಲ, ನೇರ ಸಂಜೆ ತರಗತಿಗಳ ಬಜೆಟ್ಟಿಗೇ ಮಾತು ಹೋಯ್ತು. ದುಡ್ಡು ಕೊಟ್ಟವರು ಮುಂದಿನ ಸರ್ವೇಲಿ ಮೂರು ಪಾಯಿಂಟ್ ಏರಿಕೆ ತೋರಿಸಿ ಅಂತಿದಾರೆ. ಎರಡೂ ಸರ್ವೇಲಿ ಐದೈದು ಪಾಯಿಂಟ್ ಆಚೀಚೆ ಇರೋದ್ರಿಂದ ಈ ಸ್ಯಾಂಪಲ್ಲಲ್ಲಿ ಏಳು ಪಾಯಿಂಟಿಗಿಂತ ಕಮ್ಮಿ ವ್ಯತ್ಯಾಸನ ಏರಿಕೆ ಅಂತ ಕರೆಯೋಕಾಗಲ್ಲ, ಮೂರೇ ಬೇಕಂದ್ರೆ ಸ್ಯಾಂಪಲ್ಲಿಗೆ ಇನ್ನೂ ದುಡ್ಡು ಕೊಡಿ ಅಂತ ಹೇಳಿದೀನಿ.